ಎಂಟು ಯೂನಿಟ್

ಆ ವಾರ್ಡಿನಲ್ಲಿ ಇನ್ಸುಲಿನ್ ಚುಚ್ಚುವ ಮುಂಚೆ ಒಬ್ಬ ನರ್ಸು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಸಿರಿಂಜು ನೋಡಿ ಹೌದೆನ್ನಬೇಕು. ಈ ನಿಯಮವೊಂದು ಇಲ್ಲದಿದ್ದರೆ ಅಕ್ಕನಿಗೆ ತಂಗಿಯ ದನಿಯೇ ಮರೆತುಹೋಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಅವಳ ಹಾಳು ಹೊಲಿಗೆ ಮೆಷಿನ್ನಿಗಾಗಿ ಕಿತ್ತಾಡಿ, ಒಂದೇ ವಾರ್ಡಿನಲ್ಲಿ ದುಡಿಯುವ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಮೊದಲು ಸೋಲುವವರು ಯಾರು? ಬಿಗುಮಾನದಲ್ಲಿ ಇಬ್ಬರೂ ಅಮ್ಮನ ಮಕ್ಕಳೇ.

ಅಕ್ಕನಿಗೆ ಆ ವಾರ್ಡಿನಲ್ಲಿ ಅದು ಕೊನೆಯ ದಿನ. ನಾಳೆಯಿಂದ ಅವಳಿಗೆ ಆಪರೇಷನ್ ಥಿಯೇಟರಿನಲ್ಲಿ ಕೆಲಸ.

ಮಧ್ಯಾಹ್ನದ ಊಟಕ್ಕೆ ಮುಂಚೆ ತಂಗಿ ಸಿರಿಂಜನ್ನು ಬೆಳಕಿಗೆ ಹಿಡಿದು ಓದಿದಳು. "ಏಳನೇ ಬೆಡ್ಡು, ಮೇಷ್ಟ್ರು. ಇನ್ಸುಲಿನ್, ಎಂಟು ಯೂನಿಟ್."

ಅಕ್ಕ ಹೌದೆನ್ನಲಿಲ್ಲ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಓದು."

"ಆ ಮೂಲೇಲಿರೋರಿಗೂ ಕೇಳಿಸ್ತಲ್ಲಮ್ಮ," ಎಂದರು ಹಾಸಿಗೆಯಲ್ಲಿದ್ದ ಮೇಷ್ಟ್ರು. ಅಕ್ಕ ದುರುಗುಟ್ಟಿದ ರಭಸಕ್ಕೆ ಅವರು ಗೋಡೆಯತ್ತ ಮುಖ ತಿರುಗಿಸಿದರು.

ತಂಗಿ ಮತ್ತೆ ಓದಿದಳು, ಒಂದೊಂದೇ ಪದ ಬಿಡಿಸಿ ಬಿಡಿಸಿ. ಸಿರಿಂಜಿನಲ್ಲಿ ಔಷಧಿ ಎಂಟನೇ ಗೆರೆಗೇ ಸರಿಯಾಗಿ ನಿಂತಿತ್ತು. ಆದರೂ ಅಕ್ಕ ಹೌದೆನ್ನದೆ, ಬಗ್ಗಿ ಆ ಗೆರೆಯನ್ನೇ ಮತ್ತೆ ಎಣಿಸತೊಡಗಿದಳು.

"ಈಗ ಕೇಳಿಸ್ತಾ," ಸಿರಿಂಜಿನಿಂದ ಕಣ್ಣೆತ್ತದೆ ತಂಗಿ ಕೇಳಿದಳು, "ಇಲ್ಲಾಂದ್ರೆ ಇನ್ನೊಂದ್ಸಲ ಓದ್ಲಾ, ಅಕ್ಕಾ?"