ಹುದುಗು ನಿಲ್ಲುವ ಮೊದಲೇ

ಇನ್ನೊಂದು ಸಿಡಿಯಿತು, ಕೆಳಗೆ ನೆಲಮಾಳಿಗೆಯಲ್ಲಿ, ಕೋವಿ ಹಾರಿದ ಹಾಗೆ, ಎಷ್ಟನೆಯ ಬಾಟಲಿಯೋ, ಅಸ್ಲಾಕ್ ಮೆಟ್ಟಿಲ ಮೇಲೆ ಕೂತ ಹೆಂಡತಿಯ ತಲೆಯನ್ನು ಎರಡು ಕೈಯಲ್ಲೂ ಹಿಡಿದಿದ್ದ, ಅಲ್ಲಾಡಬೇಡ ಗುರೋ, ಅಲ್ಲಾಡಬೇಡ — ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೆ ಬೆಚ್ಚಗೆ ಇಳಿಯುತ್ತದೆ, ಅವಳ ಎಡಗಣ್ಣಲ್ಲಿ ಕಂದು ಗಾಜಿನ ಚೂರು ನೆಟ್ಟಿದೆ, ಕೀಳಬೇಡಿ, ಮುಟ್ಟಲೂಬೇಡಿ ಎಂದಿದ್ದರು ಫೋನಿನಲ್ಲಿ, ಆಂಬುಲೆನ್ಸು ಕೊಲ್ಲಿಯ ಆಚೆ ದಡದಿಂದ ಹಡಗು ಹತ್ತಿ ಬರಬೇಕು, ನಾರ್ವೆಯ ಈ ಕಣಿವೆಗೆ ಇಂಥ ಸೆಖೆ ಹೊಸದು, ಸೆಖೆಯ ಮನೆ ಹಾಳಾಗ, ಅಲ್ಲ, ಸೆಖೆಯದೇನು ತಪ್ಪು, ಅಪ್ಪನ ಕಾಲದ ಬಿಯರ್ ಹುದುಗಿಗೆ ಸೆಖೆಯೆಂದರೆ ಹಬ್ಬ, ಬಾರ್ಲಿ ರಸ ಆಗಷ್ಟೇ ಕರೆದ ಹಾಲಿನಷ್ಟು ಬಿಸಿಯಿರುವಾಗಲೇ ಹಾಕು ಅನ್ನುತ್ತಿದ್ದ ಅಪ್ಪ, ಹಾಕುವಾಗ ಪೀಪಾಯಿಗೆ ಬಾಯಿಟ್ಟು ಗಂಟಲು ಹರಿಯುವಂತೆ ಕೂಗು, ಕೂಗಿದಷ್ಟೂ ಬಿಯರಿಗೆ ಕಸುವು, ಈ ಸಲ ಅಸ್ಲಾಕನೂ ಕೂಗಿದ್ದ, ತಮ್ಮ ಬ್ರಿನ್ಯಾರನ ಹೆಸರು ಹಿಡಿದು, ಹೋದ ವರ್ಷ ನೆಂಟರೆಲ್ಲರ ಎದುರು, ಅಣ್ಣಾ, ಇದೇನು ಬಿಯರೋ ಕರುವಿಗೆ ಇಡೋ ಗಂಜಿಯೋ, ಅಂದವನು ಅವನೇ, ಆಗಲೇ ಹಲ್ಲು ಉದುರಿಸಬೇಕಿತ್ತು, ಈ ಶನಿವಾರ ಬರುತ್ತಾನೆ, ಬರಲಿ, ಮುಚ್ಚಳ ಎತ್ತಿದರೆ ನೊರೆ ಅವನ ಮುಖಕ್ಕೇ ಉಗಿಯಬೇಕು — ಕಂದು ಚೂರು, ರೆಪ್ಪೆ ಮುಚ್ಚಲು ಬಿಡದ ಚೂರು — ಎರಡೇ ದಿನಕ್ಕೆ ನೊರೆ ಇಳಿದಿತ್ತು, ಕಂಬಳಿ ಸರಿಸಿ ಮುಟ್ಟಿದರೆ ಪೀಪಾಯಿ ಇನ್ನೂ ಬಿಸಿ, ಗುರೋ ಹೇಳಿದ್ದಳು, ಇನ್ನೆರಡು ದಿನ ಬಿಡೋ ಮಾರಾಯ, ಒಳಗಡೆ ಇನ್ನೂ ಗುಳುಗುಳು ಅಂತಿದೆ, ನಿಮ್ಮಪ್ಪ ಯಾವತ್ತಾದ್ರೂ ಬಾಟ್ಲಿಗೆ ತುಂಬಿದ್ರಾ, ಪೀಪಾಯಿಗಾದ್ರೆ ಉಸಿರಾಡೋಕೆ ಒಂದು ತೂತಿರುತ್ತೆ, ನಿನ್ನ ಚೀಸು ನೋಡ್ಕೋ ಹೋಗು, ಎಂದು ಅಸ್ಲಾಕ್ ಗದರಿದ್ದ, ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿದ್ದ, ಇವತ್ತು ಮೊದಲನೆಯದು ಸಿಡಿದಾಗ ಅವನ ಕಾಲು ಮೆಟ್ಟಿಲಿಳಿಯಲಿಲ್ಲ, ಅವಳೇ ಬಾಟಲಿಗಳಿಗೆ ಕಂಬಳಿ ಹೊದಿಸಲು ಇಳಿದಳು, ಥೂ ಹೇಡಿ, ಕೊಡಲಿ ತಂದು ಉಳಿದವನ್ನೆಲ್ಲ ಪುಡಿಗುಟ್ಟಬೇಕು, ಈ ಕೈಯನ್ನೂ ಕೊಚ್ಚಬೇಕು, ಈ ಕೈ ಬಿಟ್ಟರೆ ಅವಳ ತಲೆ ಹಿಡಿಯುವವರಾರು —

ಅಸ್ಲಾಕ್, ಮುಚ್ಚೋ ಮೊದ್ಲು ರುಚಿ ನೋಡಿದ್ದೆಯಾ, ಅವಳ ದನಿ ತಣ್ಣಗಿದೆ, ಇಲ್ಲ ಅಂದರೆ ಮುಗಿಯಿತು, ಕಂಡವರು ಯಾರು, ಆದರೆ ಒಂದು ಲೋಟ ಪೂರ್ತಿ ಕುಡಿದಿದ್ದ, ಜೇನಿನಷ್ಟು ಸಿಹಿ, ಸಿಹಿಯಿದ್ದರೆ ಹುದುಗಿನ ಹೊಟ್ಟೆ ಇನ್ನೂ ತುಂಬಿಲ್ಲ, ಗಾಳಿ ಉಬ್ಬಿಸುತ್ತಲೇ ಇರುತ್ತದೆಂದು ಈ ಕಣಿವೆಯ ಮಕ್ಕಳಿಗೂ ಗೊತ್ತು, ನೋಡಿದ್ದೆ, ಅಂದ, ಸಿಹಿ ಇತ್ತು, ಅವಳು ಬಲಗಣ್ಣಿಂದ ಅವನನ್ನೇ ನೋಡಿದಳು, ಕೆಳಗೆ ಎರಡು ಒಟ್ಟಿಗೆ ಸಿಡಿದವು, ಅವಳು ಬೆಚ್ಚಲಿಲ್ಲ, ಬೆಚ್ಚಿದ್ದು ಅವನು, ಕೈಯೊಳಗಿನ ತಲೆ ಅಲುಗಿತು, ಚೂರು, ಕಂದು ಚೂರು, ಒಂದು ಗೆರೆಯಷ್ಟು ಒಳಕ್ಕೆ —