ಎಂಟು ಕಂಬಳಿ

"ಏಳೇ," ಎಂದ ಲಾಯರು. "ಎಂಟು ಅಂತ ಬರೆದಿದೆ, ಇರೋದು ಏಳು."

"ಇನ್ನೊಂದು ಸಲ ಎಣಿಸು," ಎಂದ ಗಡಿಯಾರ.

"ಮೂರು ಸಲ ಎಣಿಸಾಯ್ತು. ನಾಲ್ಕನೇ ಸಲಕ್ಕೆ ಏನು, ಮರಿ ಹಾಕುತ್ತಾ ಕಂಬಳಿ?"

ನರ್ಸಮ್ಮ ಆಂಬುಲೆನ್ಸಿನ ಹಿಂಬದಿಯ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ರಿಜಿಸ್ಟರು ತೆರೆದಿಟ್ಟುಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ನಲವತ್ತಮೂರು ಸಾಮಾನುಗಳ ಪೈಕಿ ಇಪ್ಪತ್ತಾರಕ್ಕೆ ಟಿಕ್ ಬಿದ್ದಿತ್ತು. ಇಪ್ಪತ್ತೇಳನೆಯದು ಕಂಬಳಿ. ಹೋದ ವಾರ ಹದಿನಾಲ್ಕನೆಯದಾದ ಕತ್ತರಿಯ ಹತ್ತಿರ ಎಣಿಕೆ ಅರ್ಧ ಗಂಟೆ ನಿಂತಿತ್ತು. ಅದರ ಹಿಂದಿನ ವಾರ ಹಿಂದಿನ ಬಾಗಿಲ ಮೇಲಿನ ಗೀರು ಹಳೆಯದೋ ಹೊಸದೋ ಎಂದು ಈ ಇಬ್ಬರು ಡ್ರೈವರುಗಳೂ ಬಗ್ಗಿ ಬಗ್ಗಿ ಉಗುರಿನಿಂದ ಕೆರೆದು ನೋಡಿದ್ದರು. ಆ ಕೆರೆತದಿಂದಲೇ ಗೀರು ಇನ್ನಷ್ಟು ಉದ್ದವಾಯಿತು, ಆ ಮಾತು ಬೇರೆ.

ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೇತುವೆಯ ಮೇಲೆ ಇದೇ ಪಾಡು. ಪಟ್ಟಣದ ದೊಡ್ಡ ಆಸ್ಪತ್ರೆ ಇಪ್ಪತ್ತೆಂಟು ಕಿಲೋಮೀಟರು ದೂರ. ಅಲ್ಲಿಂದ ಗಾಡಿ ಬರುವುದನ್ನು ಕಾದೂ ಕಾದೂ ಸಾಕಾಗಿ, ಮೇಲಿನ ಊರಿನವರೂ ಕೆಳಗಿನ ಊರಿನವರೂ ಸೇರಿ ಸಂಘ ಕಟ್ಟಿ ತಮ್ಮದೇ ಆಂಬುಲೆನ್ಸು ತಂದಿದ್ದರು. ತಂದ ದಿನವೇ ಅದು ಯಾವ ಊರಲ್ಲಿ ನಿಲ್ಲಬೇಕು ಎಂಬ ಜಗಳ ಶುರುವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ಈ ಎರಡು ಊರುಗಳನ್ನು ನೋಡಿಯೇ ಹುಟ್ಟಿರಬೇಕು. ಕೊನೆಗೆ ಸಂಘದ ಅಧ್ಯಕ್ಷರು, ಅಂದರೆ ನಿವೃತ್ತ ಪೋಸ್ಟ್‌ಮಾಸ್ಟರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಹಾಗೆ ತೀರ್ಪು ಕೊಟ್ಟರು. ಗಾಡಿ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಮೇಲಿನ ಊರಿನ ವಾರಕ್ಕೆ ಅವರ ಡ್ರೈವರು, ಕೆಳಗಿನ ಊರಿನ ವಾರಕ್ಕೆ ಇವರ ಡ್ರೈವರು. ಹಸ್ತಾಂತರ ಎರಡೂ ಊರುಗಳ ನಡುವಿನ ಸೇತುವೆಯ ನಟ್ಟನಡುವೆ.

ಮೊದಲ ವರ್ಷ ಒಂದು ಕನ್ನಡಿ ಒಡೆದದ್ದು ಯಾರ ವಾರದಲ್ಲಿ ಎಂದು ತಗಾದೆಯಾಗಿ ಗಾಡಿ ಎರಡು ತಿಂಗಳು ಶೆಡ್ಡಿನಲ್ಲೇ ಕೊಳೆಯಿತು. ಆಮೇಲೆ ರಿಜಿಸ್ಟರು ಬಂತು. ಎಲ್ಲಾ ಸಾಮಾನಿಗೂ ಟಿಕ್ ಬಿದ್ದು, ಇಬ್ಬರ ಸಹಿಯೂ ಆಗುವವರೆಗೆ ಚಾವಿ ಕೈ ಬದಲಾಗಬಾರದು ಎಂಬುದು ನಿಯಮ. ರಿಜಿಸ್ಟರಿನ ಬೆನ್ನಿಗೇ ಒಂದು ದಾರ ಹೊಲಿದು, ಹಸ್ತಾಂತರದ ಹೊತ್ತಿಗೆ ಚಾವಿಯನ್ನು ಅದಕ್ಕೆ ಕಟ್ಟುತ್ತಿದ್ದರು. ಹೊಲಿದವಳು ನರ್ಸಮ್ಮನೇ. ಅವಳು ಎರಡೂ ಊರಿನವಳಲ್ಲ, ಎರಡು ವಾರವೂ ಗಾಡಿಯಲ್ಲಿ ಇರುವವಳು. ಹಾಗಾಗಿ ರಿಜಿಸ್ಟರು, ಪೆನ್ನು, ಸಂಘದ ಫೋನು ಮೂರೂ ಅವಳ ತಲೆಗೇ ಬಂದಿದ್ದವು.

ಮೇಲಿನ ಊರಿನ ಡ್ರೈವರಿಗೆ ಗಡಿಯಾರ ಎಂದು ಹೆಸರು ಬಿದ್ದದ್ದು ಅವನ ಬಾಯಲ್ಲಿ ಸದಾ ಗಂಟೆ ಇರುವುದರಿಂದ. ಕೆಳಗಿನ ಊರಿನವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಆದರೂ ಅವನು ಲಾಯರು. ಇಬ್ಬರೂ ಒಳ್ಳೆಯ ಡ್ರೈವರುಗಳು. ಹೊಂಡ ತುಂಬಿದ ರಸ್ತೆಯಲ್ಲಿ ಬಸುರಿಯನ್ನು ಅಲುಗದ ಹಾಗೆ ಕರೆದೊಯ್ದವರು. ಅಷ್ಟು ಬಲ್ಲವರು ಸೋಮವಾರ ಬಂತೆಂದರೆ ಯಾಕೆ ಹೀಗೆ ಕಂಬಳಿ ಕತ್ತರಿ ಹಿಡಿದು ಗುದ್ದಾಡುತ್ತಾರೋ ಎಂದು ಯೋಚಿಸಿ ಯೋಚಿಸಿ ನರ್ಸಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು.

ಹತ್ತು ಹದಿನೇಳಕ್ಕೆ ಫೋನು ಬಂತು.

"ನರ್ಸಮ್ಮ, ನಾನು, ಟ್ಯಾಂಕಿನ ಹತ್ತಿರದ ಮನೆಯವಳು. ಇವರು ವಾಲ್ವ್ ನೋಡೋಕೆ ಅಂತ ಮೇಲೆ ಹತ್ತಿದ್ರು. ಜೇನು ಎದ್ದುಬಿಟ್ಟಿದೆ. ಮೈಯೆಲ್ಲಾ ಕಚ್ಚಿದೆ."

ಕೆಳಗಿನ ಊರಿಗೆ ನೀರು ಬಿಡುವವನ ಹೆಂಡತಿ. ನರ್ಸಮ್ಮನಿಗೆ ಆ ಗಂಡ ಹೆಂಡಿರಿಬ್ಬರೂ ಗೊತ್ತು. ಟ್ಯಾಂಕಿನ ಬುಡದಲ್ಲೇ ಮನೆ. ಅವನು ಐವತ್ತರ ಆಸುಪಾಸಿನ ಗಟ್ಟಿ ಆಳು.

"ಮಾತಾಡ್ತಾ ಇದಾರಾ?"

"ಮಾತಾಡ್ತಾ ಇದಾರೆ. ಗಂಟಲು ಒಂಥರಾ ಅಂತಾರೆ."

"ಬಂದ್ವಿ," ಎಂದು ಫೋನಿಟ್ಟು ನರ್ಸಮ್ಮ ಎದ್ದು ನಿಂತಳು. "ಟ್ಯಾಂಕಿನ ಮನೆ. ಜೇನು ಕಚ್ಚಿದೆ. ಹೊರಡಿ."

ಇಬ್ಬರೂ ಅವಳ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ನನ್ನ ವಾರ ಹತ್ತಕ್ಕೇ ಮುಗೀತು," ಎಂದ ಗಡಿಯಾರ. "ಈಗ ಹತ್ತು ಹದಿನೆಂಟು. ಇವನು ಹೋಗ್ಲಿ."

"ಸಹಿ ಎಲ್ಲಿದೆ?" ಎಂದ ಲಾಯರು. "ಸಹಿ ಇಲ್ಲದೆ ನಾನು ಗಾಡಿ ಮುಟ್ಟಿದ್ರೆ ಆ ಕಂಬಳಿ ನನ್ನ ತಲೆಗೆ ಬರುತ್ತೆ. ಏಳು ಅಂತ ಬರೆದುಕೊಡ್ಲಿ, ಈಗಲೇ ಹೊರಡ್ತೀನಿ."

"ಏಳು ಅಂತ ಬರೆದ್ರೆ ಕಳೆದೋನು ನಾನು ಅಂತ ಆಗುತ್ತೆ. ನಾನ್ಯಾಕೆ ಬರೀಲಿ?"

"ಅಲ್ಲಿ ಮನುಷ್ಯ ಒದ್ದಾಡ್ತಾ ಇದಾನೆ!"

"ಜೇನು ತಾನೆ ನರ್ಸಮ್ಮ?" ಲಾಯರು ಸಮಾಧಾನದ ಸ್ವರದಲ್ಲಿ ಹೇಳಿದ. "ನನಗೆ ಚಿಕ್ಕಂದಿನಲ್ಲಿ ಹತ್ತು ಸಲ ಕಚ್ಚಿದೆ. ತಣ್ಣೀರು ಬಟ್ಟೆ ಹಾಕಿದ್ರೆ ಇಳಿಯುತ್ತೆ."

ಆಗ ಅವಳು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ನಿಯಮ ನಿಯಮವೇ ಎಂದು ನಾಲ್ಕು ವರ್ಷ ತಾನೂ ನಂಬಿಕೊಂಡು ಬಂದವಳು, ಅಧ್ಯಕ್ಷರಿಗೆ ಫೋನು ಮಾಡಿದಳು. ಅದು ಏಳು ಸಲ ರಿಂಗಾಯಿತು. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಅವರು ಯಾವುದನ್ನೂ ಅರ್ಧಕ್ಕೆ ಕೇಳಿದವರಲ್ಲ.

"ಸಮಾಧಾನ ತಾಯಿ, ಸಮಾಧಾನ. ನಾನು ಒಂದು ಕಡೆ ಮಾತಾಡಿದ್ರೆ ಇನ್ನೊಂದು ಕಡೆಯವರು ಸಭೆ ಕರೀತಾರೆ. ಎಲ್ಲರೂ ಕೂಡಿ ಇನ್ನೊಂದೇ ಒಂದು ಸಲ ಎಣಿಸಿಬಿಡಿ. ಎಂಟು ಸಿಕ್ಕಿದ್ರೆ ತಕರಾರೇ ಇಲ್ಲವಲ್ಲ."

ಅವಳು ಗಾಡಿಯೊಳಗೆ ಹತ್ತಿ ಎಣಿಸಿದಳು. ಹೌದು, ಅವಳೂ ಎಣಿಸಿದಳು. ಬೆಂಕಿ ಬಿದ್ದ ಮನೆಯ ಮುಂದೆ ನಿಂತು ಬಾವಿ ತೋಡುವವರನ್ನು ಕಂಡು ನಕ್ಕವಳು, ಆ ಹೊತ್ತು ತಾನೇ ಗುದ್ದಲಿ ಹಿಡಿದಿದ್ದಳು. ಒಂದು, ಎರಡು, ಮೂರು. ಏಳು. ಹೊರಗೆ ಅವರಿಬ್ಬರೂ ಹೋದ ಚಳಿಯಲ್ಲಿ ಯಾರ ರೋಗಿಗೆ ಹೊದಿಸಿದ ಕಂಬಳಿ ವಾಪಸು ಬರಲಿಲ್ಲ ಎಂಬ ಹಳೆಯ ಕಡತ ಬಿಚ್ಚಿದ್ದರು.

ಮತ್ತೆ ಫೋನು.

"ಹೊರಟ್ರಾ ನರ್ಸಮ್ಮ?"

"ಹೊರಟ್ವಿ ಅಕ್ಕ, ಹೊರಟ್ವಿ," ಎಂದಳು. ಬಾಯಿಗೆ ಬಂದದ್ದು ಅದೇ.

"ಮುಖ ಊದಿಕೊಂಡಿದೆ. ಉಸಿರು ಎಳೀತಾ ಇದಾರೆ. ಈಗ ಮಾತಾಡ್ತಾ ಇಲ್ಲ."

ನರ್ಸಮ್ಮ ಕೆಳಗೆ ಹಾರಿದಳು. ರಿಜಿಸ್ಟರಿನ ಬೆನ್ನಿಗೆ ತಾನೇ ಹಾಕಿದ್ದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಚಾವಿಯನ್ನು ಲಾಯರಿನ ಎದೆಗೆ ಎಸೆದಳು. ಗಡಿಯಾರ "ಏಯ್, ಏಯ್" ಅನ್ನುವಷ್ಟರಲ್ಲಿ ನಾಲ್ಕು ವರ್ಷದ ಟಿಕ್ಕು, ಸಹಿ, ಷರಾ ಎಲ್ಲವನ್ನೂ ಹೊತ್ತ ಆ ದಪ್ಪ ಪುಸ್ತಕವನ್ನು ಸೇತುವೆಯ ಕಟ್ಟೆಯಾಚೆ ಬೀಸಿ ಒಗೆದಳು. ಕೆಳಗೆ ದೊಪ್ಪೆಂದು ಸದ್ದಾಯಿತು.

"ಈಗ ಯಾರದೂ ವಾರ ಇಲ್ಲ," ಎಂದಳು. "ಇಬ್ಬರೂ ಹತ್ತಿ. ಸ್ಟ್ರೆಚರಿಗೆ ಎರಡು ಜೊತೆ ಕೈ ಬೇಕು. ಹತ್ತಲಿಲ್ಲ ಅಂದ್ರೆ ನಿಮ್ಮನ್ನೂ ಅಲ್ಲಿಗೇ ತಳ್ತೀನಿ."

ಹತ್ತಿದರು. ಹತ್ತು ಇಪ್ಪತ್ತಾರು ಎಂದು ಗಡಿಯಾರ ಅಭ್ಯಾಸಬಲದಿಂದ ಹೇಳಿದ. ಒಂಬತ್ತು ನಿಮಿಷ. ಸೇತುವೆಯಿಂದ ಟ್ಯಾಂಕಿಗೆ ನಾಲ್ಕು ನಿಮಿಷದ ದಾರಿ, ಲಾಯರು ಮೂರರಲ್ಲಿ ತಲುಪಿಸಿದ.

ನೀರು ಬಿಡುವವನು ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಇದ್ದ ಜಾಗದಲ್ಲಿ ಎರಡು ಗೆರೆ ಮಾತ್ರ ಉಳಿದಿದ್ದವು. ತುಟಿ ನೀಲಿ. ಒಳಗೆಳೆದ ಪ್ರತಿ ಉಸಿರಿಗೂ ಸೀಟಿಯಂಥ ಸದ್ದು, ಆ ಸದ್ದೂ ಸಣ್ಣದಾಗುತ್ತಿತ್ತು. ನರ್ಸಮ್ಮ ಮಂಡಿಯೂರಿ ಅವನ ತೊಡೆಗೆ ಬಟ್ಟೆಯ ಮೇಲಿಂದಲೇ ಸೂಜಿ ಚುಚ್ಚಿದಳು. ಡ್ರೈವರುಗಳಿಬ್ಬರೂ ಸ್ಟ್ರೆಚರು ಎತ್ತಿದರು. ಎಷ್ಟು ಹೊಂದಾಣಿಕೆಯಿಂದ ಎತ್ತಿದರೆಂದರೆ ಅವಳಿಗೆ ಅದನ್ನು ನೋಡಿಯೇ ಸಿಟ್ಟು ಬಂತು.

ಹೆಂಡತಿ ಒಂದು ಕೈಚೀಲ ಹಿಡಿದು ಹಿಂದೆ ಹತ್ತಿಕೊಂಡಳು. ಗಾಡಿ ಹೆದ್ದಾರಿಗೆ ಬಿದ್ದಾಗ ಅವನ ಮೈ ತಣ್ಣಗಾಗಿ ನಡುಗತೊಡಗಿತು. ನರ್ಸಮ್ಮ ಆಮ್ಲಜನಕದ ಮುಖವಾಡವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಇನ್ನೊಂದು ಕೈಯಿಂದ ಅಟ್ಟದ ಮೇಲಿನ ಕಂಬಳಿ ಎಳೆದಳು. ಬಿಚ್ಚಿ ಕೊಡವಿದಾಗ ಒಂದರೊಳಗಿಂದ ಇನ್ನೊಂದು ಜಾರಿ ಕೆಳಗೆ ಬಿತ್ತು. ಯಾರೋ ಎರಡನ್ನು ಒಟ್ಟಿಗೆ ಮಡಿಸಿಟ್ಟಿದ್ದರು.

ಮುಂದಿನ ಸೀಟಿನಿಂದ ಗಡಿಯಾರ ತಿರುಗಿ ನೋಡಿದ. ಲಾಯರು ಕನ್ನಡಿಯಲ್ಲಿ ನೋಡಿದ. ಎಂಟು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನರ್ಸಮ್ಮ ಎರಡನ್ನೂ ರೋಗಿಗೆ ಹೊದಿಸಿ, ಎರಡನೆಯ ಸೂಜಿಗೆ ಮದ್ದು ಎಳೆದುಕೊಂಡಳು. ಆಸ್ಪತ್ರೆಗೆ ಇನ್ನೂ ಐದು ಕಿಲೋಮೀಟರು ಇರುವಾಗ ಸೀಟಿಯ ಸದ್ದು ನಿಂತಿತು. ಮಿಕ್ಕ ದಾರಿಗೆ ಅವಳು ಉಸಿರು ಕೊಡುವ ರಬ್ಬರು ಚೀಲ ಒತ್ತಿ ಒತ್ತಿ ಅವನೊಳಗೆ ಗಾಳಿ ತುಂಬಿದಳು, ಬಲಗೈ ಸೋತಾಗ ಎಡಗೈಯಿಂದ. ಅರ್ಧ ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ.

ತುರ್ತು ವಿಭಾಗದ ಬಾಗಿಲು ಅವನನ್ನು ನುಂಗಿ ಮುಚ್ಚಿಕೊಂಡಿತು. ಒಂದು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, ಗಂಟಲಲ್ಲಿ ಕೊಳವೆ ಹಾಕಿದ್ದೇವೆ, ಯಂತ್ರ ಉಸಿರಾಡಿಸುತ್ತಿದೆ ಎಂದರು. ಎದೆ ಬಡಿದುಕೊಳ್ಳುತ್ತಿದೆ. ಆದರೆ ಮೆದುಳಿಗೆ ಎಷ್ಟು ಹೊತ್ತು ಗಾಳಿ ಇರಲಿಲ್ಲ ಎಂಬುದರ ಮೇಲೆ ಎಲ್ಲಾ ನಿಂತಿದೆ, ನಾಳೆ ಕಣ್ಣು ಬಿಡುತ್ತಾರೋ ಇಲ್ಲವೋ ಈಗ ಹೇಳಲಾಗದು ಎಂದರು. ನರ್ಸಮ್ಮನ ಕಡೆ ತಿರುಗಿ, "ಕೆಲವು ನಿಮಿಷ ಮೊದಲು ಸಿಕ್ಕಿದ್ರೆ ಚೆನ್ನಾಗಿತ್ತು," ಎಂದು ಸಹಜವಾಗಿ ಹೇಳಿ ಒಳಗೆ ಹೋದರು.

ಕಾರಿಡಾರಿನ ಬೆಂಚಿನ ಮೇಲೆ ನಾಲ್ವರೂ ಸಾಲಾಗಿ ಕೂತಿದ್ದರು. ಗಡಿಯಾರ ತನ್ನ ಕೈಗಡಿಯಾರವನ್ನು ಅಂಗಿಯ ತೋಳಿನ ಒಳಗೆ ಎಳೆದುಕೊಂಡಿದ್ದ. ಲಾಯರಿಗೆ ವಾದ ಮಾಡಲು ಏನೂ ಉಳಿದಿರಲಿಲ್ಲ. ಇಬ್ಬರ ಮೇಲೂ ನರ್ಸಮ್ಮನಿಗೆ ಕೊತಕೊತ ಕುದಿಯುವಷ್ಟು ಕೋಪವಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು.

"ನಿಮ್ಮ ಋಣ ತೀರಿಸೋಕಾಗಲ್ಲ," ಎಂದಳು ನೀರು ಬಿಡುವವನ ಹೆಂಡತಿ. "ಮೂವರೂ ಬಂದಿರಿ. ಯಾರು ಬರ್ತಾರೆ ಹೀಗೆ?"

ಲಾಯರು ತಲೆ ಬಗ್ಗಿಸಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದ.

"ನಮ್ಮ ಅಂಗಳದಿಂದ ಸೇತುವೆ ಕಾಣುತ್ತಲ್ಲ. ನೀವು ಹೊರಟ್ವಿ ಅಂದ್ರಿ. ನೋಡ್ತೀನಿ, ಗಾಡಿ ಅಲ್ಲೇ ನಿಂತಿದೆ. ಬಿಳಿ ಗಾಡಿ, ಕಾಣದೇ ಇರುತ್ತಾ? ಇವರಿಗೆ ಹೇಳ್ತಾನೇ ಇದ್ದೆ, ಬಂದ್ರು, ಬಂದ್ರು, ಇನ್ನೊಂದು ಸ್ವಲ್ಪ ತಡ್ಕೊಳ್ಳಿ ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೆಟ್ಟು ನಿಂತಿತ್ತಾ ಗಾಡಿ? ಪಾಪ, ಗಾಡಿ ಕೆಟ್ರೆ ನೀವಾದ್ರೂ ಏನು ಮಾಡ್ತೀರಿ."

ಲಾಯರು ತಲೆಯೆತ್ತಿದ. ಹೌದು ಎಂಬ ಒಂದು ಮಾತು ಅವನ ಬಾಯ ತುದಿಗೆ ಬಂದದ್ದು ನರ್ಸಮ್ಮನಿಗೆ ಕಂಡಿತು. ಗಡಿಯಾರ ಅವನ ಮೊಣಕೈ ಹಿಡಿದುಕೊಂಡ. ಹೇಳು ಎಂದು ಹಿಡಿದನೋ, ಬೇಡ ಎಂದು ಹಿಡಿದನೋ ಗೊತ್ತಾಗಲಿಲ್ಲ.

"ಕೆಟ್ಟಿರಲಿಲ್ಲ ಅಕ್ಕ," ಎಂದಳು ನರ್ಸಮ್ಮ. "ಕಂಬಳಿ ಎಣಿಸ್ತಾ ಇದ್ವಿ."

"ಕಂಬಳಿ?"

"ಹೂಂ. ನಾನೂ ಎಣಿಸಿದೆ."

ಹೆಂಡತಿ ಮುಂದಿನ ಮಾತಿಗಾಗಿ ಕಾದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬೆಂಚಿನ ಮೇಲೆ ತುಸು ದೂರ ಸರಿದು ಕೂತು, ಕೈಚೀಲದ ಬಾಯಿ ಬಿಚ್ಚಿದಳು. ಗಂಡನ ಚಪ್ಪಲಿಗಳನ್ನು ತೆಗೆದು, ಮಣ್ಣು ಝಾಡಿಸಿ, ಮುಚ್ಚಿದ ಬಾಗಿಲ ಎದುರು ನೆಲದ ಮೇಲೆ ಜೋಡಿಸಿಟ್ಟಳು.