ಏಳನೇ ತಿಂಗಳ ಖರೀದಿ

"ಏನಾದ್ರೂ ತಗೋ ಮಾರಾಯ್ತಿ, ತಿಂಗಳು ಮುಗೀಲಿಕ್ಕೆ ಬಂತು" ಎಂದು ಪುಂಡರೀಕಾಕ್ಷ ರಾಯರು ಚಪ್ಪಲಿ ಅಂಗಡಿಯ ಮೆಟ್ಟಿಲಲ್ಲೇ ನಿಂತು ಮಗಳಿಗೆ ಹೇಳಿದರು.

ಸುಮೇಧಾ ಒಳಗೆ ಕಣ್ಣಾಡಿಸಿದಳು. ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕಿದ್ದ ಆ ಅಂಗಡಿಯಲ್ಲಿ ಛಾವಣಿ ಮುಟ್ಟುವಷ್ಟು ಡಬ್ಬಗಳು. ಅವಳಿಗೆ ಬೇಕಾದದ್ದು ಅಲ್ಲೇನೂ ಇರಲಿಲ್ಲ. ಕಳೆದ ತಿಂಗಳು ಬೆಡ್‌ಶೀಟ್ ಕೊಂಡಿದ್ದರು, ಅದರ ಹಿಂದಿನ ತಿಂಗಳು ಕೊಡೆ. ಕೊಡೆ ಇನ್ನೂ ಚೀಟಿ ಹರಿಯದೆ ಬಾಗಿಲ ಹಿಂದೆ ನೇತಾಡುತ್ತಿತ್ತು.

ಬೇಕು ಅಂತಲ್ಲ, ಕಾರ್ಡ್ ಉಜ್ಜಬೇಕು ಅಂತ ಈ ಖರೀದಿ. ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆ, ಬಾಡಿಗೆಯವರು ದೀಪಾವಳಿಯೊಳಗೆ ಖಾಲಿ ಮಾಡಬೇಕು. ದಿವಾದಲ್ಲಿ ಸಣ್ಣದೊಂದು ಫ್ಲ್ಯಾಟ್ ನೋಡಿಟ್ಟಿದ್ದರು. ಹೊಟೇಲಿನ ಗಲ್ಲೆಯಲ್ಲಿ ಕೂತೇ ಅರುವತ್ತು ದಾಟಿದ ರಾಯರಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಸೀವುಡ್ಸ್‌ನ ಆಫೀಸಿನಲ್ಲಿ ಕೆಲಸಕ್ಕಿದ್ದ ಮಗಳ ಹೆಸರಲ್ಲಿ ಕೇಳಿದರೆ, ಬ್ಯಾಂಕಿನ ಸೋನಾಲಿ ಕಂಪ್ಯೂಟರ್ ನೋಡಿ, "ಸ್ಕೋರ್ ಕಮ್ ನಹೀ ಹೈ ಅಂಕಲ್, ಸ್ಕೋರ್ ಹೀ ನಹೀ ಹೈ" ಎಂದಿದ್ದಳು. ಸಾಲ ತೀರಿಸಿದ ಲೆಕ್ಕದ ಅಂಕ ಕಡಿಮೆಯಲ್ಲ, ಅಂಕವೇ ಇಲ್ಲ. ಒಂದು ಸಾಲವನ್ನೂ ಮಾಡದವಳು ಸಾಲ ತೀರಿಸುತ್ತಾಳೆಂದು ಬ್ಯಾಂಕ್ ನಂಬುವುದು ಹೇಗೆ?

"ಸಾಲ ಮಾಡದೆ ಬದುಕಿದ್ದೇ ತಪ್ಪಾಯ್ತಲ್ಲ" ಎಂದು ರಾಯರು ನಕ್ಕಿದ್ದರು.

ದಾರಿ ತೋರಿಸಿದವಳೂ ಸೋನಾಲಿಯೇ. ರಾಯರ ಹೆಂಡತಿ ಸುಗುಣಮ್ಮ ಹಪ್ಪಳ ಸಂಡಿಗೆ ಮಾರಿ ಕೂಡಿಸಿಟ್ಟ ಠೇವಣಿ, ಅವರು ತೀರಿಕೊಂಡ ಮೇಲೆ ಮಗಳಿಗೆ ಬಂದಿತ್ತು. ಅದನ್ನು ಮುರಿಯದೆ ಅದರ ಮೇಲೊಂದು ಕ್ರೆಡಿಟ್ ಕಾರ್ಡ್ ತೆಗೆದು, ತಿಂಗಳು ತಿಂಗಳು ಸ್ವಲ್ಪ ಖರ್ಚು ಮಾಡಿ, ತಪ್ಪದೆ ಕಟ್ಟುತ್ತ ಹೋದರೆ ಆರೇಳು ತಿಂಗಳಲ್ಲಿ ಸ್ಕೋರ್ ಹುಟ್ಟುತ್ತದಂತೆ. ಅಮ್ಮ ಹೋಗಿ ಎರಡು ತಿಂಗಳಿಗೆ ಕಾರ್ಡ್ ಮನೆಗೆ ಬಂತು. ಅಮ್ಮನ ಮಾಸಿಕದ ತಿಥಿ ಹಿಂದೆ ಮುಂದೆ ಸರಿಯುತ್ತಿತ್ತು, ಬಿಲ್ಲಿನ ತಾರೀಖು ಕದಲುತ್ತಿರಲಿಲ್ಲ. ಎರಡನ್ನೂ ನೆನಪಿಟ್ಟು ನಡೆಸಿದವಳು ಸುಮೇಧಾ. ಹಸಿವಾದರೆ ಉಣ್ಣುತ್ತಿದ್ದಳು, ರುಚಿ ತಿಳಿಯುತ್ತಿರಲಿಲ್ಲ. ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಮಾತಾಡಿಸಲು ಬಂದ ನೆಂಟರು "ಗಟ್ಟಿಗಿತ್ತಿ" ಎಂದು ಹೊಗಳಿ ಹೋಗಿದ್ದರು.

ಅಂಗಡಿಯ ಸಿದ್ರಾಮ ಕಲಬುರ್ಗಿ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ಮುಖ ಅರಳಿತು. "ಬರ್ರೀ ಸಾಹೇಬ್ರ, ಒಳಗ ಬರ್ರಿ. ಲೇಡೀಸ್ ಚಪ್ಪಲ್ ಏನ್ರೀ? ಎಷ್ಟ್ ನಂಬರ್?"

"ಐದು" ಎಂದರು ರಾಯರು. "ಹಿಂದೆ ಪಟ್ಟಿ ಇರುದು ಬೇಡ. ಬಗ್ಗಿ ಹಾಕ್ಲಿಕ್ಕೆ ಅವಳಿಗೆ ಸೊಂಟನೋವು."

ಸಿದ್ರಾಮ ಸುಮೇಧಾಳ ಪಾದ ನೋಡಿದ. ತಂದೆಯ ಹಾಗೆ ಉದ್ದನೆಯ ಪಾದ, ಏಳಕ್ಕೆ ಕಡಿಮೆಯಿಲ್ಲ. "ಈ ಅಕ್ಕಾರಿಗೇನ್ರೀ?"

ರಾಯರು ತಿರುಗಿ ರಸ್ತೆಯ ರಿಕ್ಷಾಗಳನ್ನು ನೋಡುತ್ತ ನಿಂತರು.

"ಐದೇ ಕೊಡಿ" ಎಂದಳು ಸುಮೇಧಾ. ಅದು ಅಮ್ಮನ ನಂಬರ್.

ಕಂದು ಬಣ್ಣದ ಜೋಡಿಯೊಂದು ಬಂತು. "ಹಾಕ್ಕೊಂಡ್ ನೋಡ್ರಿ ಅಕ್ಕಾರ."

"ಬೇಡ, ಕಟ್ಟಿ" ಎಂದು ಕಾರ್ಡ್ ಚಾಚಿದಳು.

ಮನೆಯ ತನಕ ರಾಯರು ಚೀಲವನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸುತ್ತ ನಡೆದರು.

ಮರುದಿನ ಬೆಳಿಗ್ಗೆ ಸುಮೇಧಾ ಆ ಚಪ್ಪಲಿಯನ್ನೇ ಮೆಟ್ಟಿ ಹೊರಟಳು. ಹಿಮ್ಮಡಿ ಹೊರಗೇ ಉಳಿದಿತ್ತು. ಠಾಣೆಯಲ್ಲಿ ಸೇತುವೆ ಹತ್ತಿಳಿದು ನೇರೂಲ್ ಗಾಡಿಯ ಲೇಡೀಸ್ ಡಬ್ಬದಲ್ಲಿ ಕೂತಾಗ ಸೋನಾಲಿಯ ಮೆಸೇಜ್ ಬಂತು. ಸ್ಕೋರ್ ಬಂದಿದೆ, ಚೆನ್ನಾಗಿದೆ, ಕಾಗದಪತ್ರ ತನ್ನಿ. ಓದಿದಳು. ಇನ್ನೊಮ್ಮೆ ಓದಿದಳು. ಬೇರೆ ಯಾರದೋ ರಿಸಲ್ಟ್ ನೋಡಿದ ಹಾಗಾಯಿತು.

ಐರೋಳಿ ದಾಟುವಾಗ ತಂದೆಯ ಫೋನ್ ಬಂತು.

"ಸೋನಾಲಿ ನಂಗೂ ಹೇಳಿದಳು. ದಿವಾದ್ದು ಆಗ್ತದಂತೆ ಮಗಾ."

"ಹಾಂ ಅಪ್ಪ, ನೋಡಿದೆ."

"ಇಪ್ಪತ್ತು ವರ್ಷ ನೀನೇ ಕಟ್ಟಬೇಕು. ನಿನ್ನತ್ರ ಒಂದು ಮಾತು ಕೇಳ್ಬೇಕಿತ್ತು ನಾನು."

"ಕಟ್ತೇನೆ."

ಆ ಕಡೆ ಹೊಟೇಲಿನ ತಟ್ಟೆ ಲೋಟಗಳ ಸದ್ದು. ರಾಯರೆಂದರು, "ಮತ್ತೆ ಆ ಚಪ್ಪಲಿ... ಬಿಲ್ ಉಂಟಲ್ಲ, ಸಂಜೆ ಬದಲಾಯಿಸಿ ತರ್ತೇನೆ. ನಿನ್ನ ನಂಬರ್ ಎಷ್ಟು?"

"ಬೇಡ. ಹಾಕ್ಕೊಂಡು ಬಂದಿದ್ದೇನೆ."

"ಅದನ್ನಾ? ಕಚ್ಚುದಿಲ್ವಾ ನಿಂಗೆ?"

ಸುಮೇಧಾ ಬಗ್ಗಿ ನೋಡಿದಳು. ಕಿರುಬೆರಳಿನ ಪಕ್ಕ ಚರ್ಮ ಸುಲಿದು, ಪಟ್ಟಿಯ ಅಂಚು ಒದ್ದೆಯಾಗಿತ್ತು.

"ಕಚ್ತದೆ" ಎಂದಳು. ಮತ್ತೆ, "ತುಂಬಾ ಕಚ್ತದೆ ಅಪ್ಪ."

ರಾಯರು ಫೋನ್ ಇಡಲಿಲ್ಲ. ಎದುರು ಕೂತ ಹೆಂಗಸು ಕಾಲಬುಡದ ಚೀಲವನ್ನು ಮಡಿಲಿಗೆ ಎಳೆದುಕೊಂಡು ಜಾಗ ಬಿಟ್ಟಳು. ಸುಮೇಧಾ ಚಪ್ಪಲಿಯಿಂದ ಕಾಲುಗಳನ್ನು ಹೊರಗೆಳೆದು, ಅದುರುತ್ತಿದ್ದ ತಣ್ಣನೆಯ ನೆಲದ ಮೇಲೆ ಊರಿದಳು.